ಕೊಲೆಗಾರ ಯಾರಾದರೆ ನಿಮಗೇನು ಎಂದವರಿಗೆ

ಪತ್ತೇದಾರಿ ಕಾದಂಬರಿ, ಥ್ರಿಲ್ಲರ್, ವೈಜ್ಞಾನಿಕ ಕಥೆ ಇವನ್ನೆಲ್ಲ ಸಾಹಿತ್ಯದ ಹಿತ್ತಿಲಲ್ಲಿ ಕೂರಿಸುವುದನ್ನು ಇನ್ನಾದರೂ ಬಿಡೋಣ ಎಂದು ನಾನು ಬರೆದದ್ದೇ ತಡ, ಪತ್ರಗಳು ಬರತೊಡಗಿದವು. ಕೆಲವರು ಬೈದಿದ್ದಾರೆ. ಕೆಲವರು ನನ್ನ ಅಭಿರುಚಿಯ ಬಗ್ಗೆ ಮರುಕಪಟ್ಟಿದ್ದಾರೆ. ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಮಾತ್ರ ಸಾವಧಾನವಾಗಿ ಕೂತು ಹಾಳೆಗಟ್ಟಲೆ ವಾದ ಹೂಡಿದ್ದಾರೆ. ಬೈಗುಳಕ್ಕೆ ಉತ್ತರವಿಲ್ಲ, ಮರುಕಕ್ಕೆ ಧನ್ಯವಾದ. ವಾದಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಎಲ್ಲರೂ ಹೇಳಿರುವ ಮಾತಿನಿಂದ ಶುರು ಮಾಡುತ್ತೇನೆ. ಇವು ಒಮ್ಮೆ ಓದಿ ಎಸೆಯುವ ಪುಸ್ತಕಗಳಂತೆ. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಅಲ್ಲಿ ಉಳಿಯುವುದು ರದ್ದಿ ಕಾಗದವಷ್ಟೇ ಅಂತೆ. ಪ್ರಾಧ್ಯಾಪಕರು ಇದನ್ನು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ ಎಂದು ಕರೆದಿದ್ದಾರೆ. ಆಕ್ಷೇಪ ಹಳೆಯದು. 1945ರಲ್ಲಿ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್, ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನಾಗಬೇಕು ಎಂಬರ್ಥದ ತಲೆಬರಹ ಕೊಟ್ಟು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದ. ಅಗಾಥಾ ಕ್ರಿಸ್ಟಿಯ ಆ ಕಾದಂಬರಿ 1926ರದು. ವಿಲ್ಸನ್ ಅಷ್ಟು ಮೂಗು ಮುರಿದ ಮೇಲೂ ಅದು ಇವತ್ತಿಗೂ ಮರುಮುದ್ರಣವಾಗುತ್ತಲೇ ಇದೆ. ಅಂದರೆ ಎಷ್ಟೋ ಜನಕ್ಕೆ ಏನೋ ಆಗಬೇಕಾಗಿದೆ.

ಆ ಪುಸ್ತಕವನ್ನು ನಾನು ಗುಟ್ಟು ಗೊತ್ತಿದ್ದೂ ಮತ್ತೆ ಓದಿದ್ದೇನೆ. ಮೊದಲ ಓದಿನಲ್ಲಿ ಕಣ್ಣಿಗೇ ಬೀಳದ ಒಂದು ಜಾಗ ಅದರಲ್ಲಿದೆ. ಒಂದು ಕೋಣೆ, ಒಂದು ಪತ್ರ, ಗಡಿಯಾರದ ಸಮಯ. ಎರಡು ವಾಕ್ಯಗಳ ನಡುವೆ ಹತ್ತು ನಿಮಿಷ ಸದ್ದಿಲ್ಲದೆ ಜಾರಿಹೋಗಿವೆ. ಲೇಖಕಿ ಸುಳ್ಳು ಹೇಳಿಲ್ಲ. ಇಂತಿಷ್ಟು ಗಂಟೆಗೆ ಇದಾಯಿತು, ಇಂತಿಷ್ಟು ಗಂಟೆಗೆ ಇದಾಯಿತು ಎಂದು ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟಿದ್ದಾಳೆ, ನಡುವಿನ ಕಂದಕವನ್ನು ನಾವೇ ದಾಟಿ ಬಂದಿದ್ದೇವೆ. (ಇದಕ್ಕಿಂತ ಹೆಚ್ಚು ಹೇಳಲಾರೆ. ಓದದೇ ಇದ್ದವರ ಶಾಪ ನನಗೆ ಬೇಡ.) ಮೊದಲ ಓದಿನಲ್ಲಿ ನಾನು ಕತೆ ಓದಿದ್ದೆ, ಎರಡನೆಯದರಲ್ಲಿ ನಾನು ಮೋಸಹೋದ ಬಗೆಯನ್ನು ಓದಿದೆ. ಮರು ಓದಿಗೆ ಇದಕ್ಕಿಂತ ಒಳ್ಳೆಯ ಕಾರಣವನ್ನು ಕಾವ್ಯಮೀಮಾಂಸೆಯವರು ತೋರಿಸಿಕೊಟ್ಟರೆ ಕೇಳುತ್ತೇನೆ.

ಬಾಡಿಗೆ ಲೈಬ್ರರಿಯ ಕಾಲದಲ್ಲಿ ಬೆಳೆದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಹತ್ತಾರು ಕೈ ದಾಟಿ, ದಪ್ಪ ದಾರದಲ್ಲಿ ಹೊಲಿಸಿಕೊಂಡು, ರಟ್ಟಿನ ಮೇಲೆ ಅಂಗಡಿಯ ರಬ್ಬರ್ ಸ್ಟ್ಯಾಂಪು ಹೊಡೆಸಿಕೊಂಡು ಬರುತ್ತಿದ್ದ ಆ ಕಾದಂಬರಿಗಳಲ್ಲಿ ಯಾವನೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲ್‌ನಿಂದ ‘ಡ್ರೈವರೇ ಕೊಲೆಗಾರ’ ಎಂದು ಗೀಚಿಟ್ಟಿರುತ್ತಿದ್ದ. ಬೈದುಕೊಂಡೇ ಓದುತ್ತಿದ್ದೆವು, ಕೊನೆಯವರೆಗೂ ಓದುತ್ತಿದ್ದೆವು. ಉತ್ತರ ತಿಳಿಯಲಿಕ್ಕೆ ಮಾತ್ರ ಓದುವುದಾಗಿದ್ದರೆ ಆ ಪುಸ್ತಕ ಅಲ್ಲಿಗೇ ವಾಪಸು ಹೋಗಬೇಕಿತ್ತು. ಜಪಾನಿನ ಕೇಗೊ ಹಿಗಾಶಿನೊ ಇದನ್ನು ಚೆನ್ನಾಗಿ ಬಲ್ಲವನು. 2005ರಲ್ಲಿ ಬಂದು ನವೊಕಿ ಪ್ರಶಸ್ತಿ ಪಡೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿಯಲ್ಲಿ ಕೊಲೆ ಯಾರು ಮಾಡಿದರು, ಹೇಗೆ ಮಾಡಿದರು, ಏಕೆ ಮಾಡಿದರು ಎಲ್ಲವನ್ನೂ ಆರಂಭದಲ್ಲೇ ನಮ್ಮ ಕಣ್ಣೆದುರು ನಡೆಸಿಬಿಡುತ್ತಾನೆ. ಆಮೇಲೂ ಪುಸ್ತಕ ಕೆಳಗಿಡಲಾಗುವುದಿಲ್ಲ.

ಎರಡನೆಯದು, ಇದು ನಮ್ಮ ನೆಲದ್ದಲ್ಲ, ಇಂಗ್ಲಿಷರು ಬಿಟ್ಟುಹೋದ ಚಟ ಎಂಬ ಆಕ್ಷೇಪ. ಪ್ರಾಧ್ಯಾಪಕರ ಪತ್ರದಲ್ಲಿ ಇದಕ್ಕೇ ಹೆಚ್ಚು ಶಾಯಿ ಖರ್ಚಾಗಿದೆ. ಹಳಗನ್ನಡ ಪಾಠ ಮಾಡಿದವರಿಂದ ಈ ಮಾತು ಬಂದದ್ದು ನನಗೆ ಆಶ್ಚರ್ಯ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕತೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಒಟ್ಟಿಗೆ ಕಲಿತ ಇಬ್ಬರು ಗೆಳೆಯರು. ಒಬ್ಬ ಕಳ್ಳತನದ ವಿದ್ಯೆಯಲ್ಲಿ ಪಳಗಿದವನು, ಇನ್ನೊಬ್ಬ ಯಮದಂಡ, ಊರು ಕಾಯುವ ತಳಾರ. ಕಳ್ಳ ಹಗಲಿನಲ್ಲಿ ಕುಷ್ಠರೋಗಿಯ ವೇಷದಲ್ಲಿ ಬಿದ್ದಿರುತ್ತಾನೆ, ರಾತ್ರಿ ಸುಂದರಾಂಗನಾಗಿ ಓಡಾಡುತ್ತಾನೆ. ರಾಜನ ಹಾರ ಕಳುವಾಗುತ್ತದೆ. ಗಡುವಿನೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಳಾರನ ತಲೆ ಉಳಿಯುವುದಿಲ್ಲ. ಅವನು ಕುಷ್ಠರೋಗಿಯನ್ನು ಎಳೆದು ತರುತ್ತಾನೆ, ಬಗೆಬಗೆಯ ಚಿತ್ರಹಿಂಸೆ ಕೊಡಿಸುತ್ತಾನೆ, ಆತ ಒಪ್ಪುವುದಿಲ್ಲ. ಮಾರುವೇಷ, ಗಡುವು, ಠಾಣೆಯ ಹಿಂಸೆ, ಕಳ್ಳ ಪೊಲೀಸರ ಹಳೇ ಸ್ನೇಹ ಎಲ್ಲವೂ ಇವೆ. ‘ವಡ್ಡಾರಾಧನೆ’ ಕನ್ನಡದ ಅತ್ಯಂತ ಹಳೆಯ ಗದ್ಯಗ್ರಂಥಗಳಲ್ಲೊಂದು, ಸುಮಾರು ಹತ್ತನೆಯ ಶತಮಾನದ್ದು. ಕೊನೆಗೆ ಕತೆ ವೈರಾಗ್ಯದ ಕಡೆ ಹೊರಳುತ್ತದೆ ನಿಜ. ಅಲ್ಲಿಯ ತನಕ ಕೇಳುಗನನ್ನು ಹಿಡಿದು ಕೂರಿಸಿದ್ದು ವೈರಾಗ್ಯವಲ್ಲ, ಹಾರ ಎಲ್ಲಿ ಹೋಯಿತು ಎಂಬ ಪ್ರಶ್ನೆ.

ಸಂಸ್ಕೃತದ ಮಾತು ಬೇಕೇ? ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕ ಕನ್ನ ಹಾಕುವ ದೃಶ್ಯವನ್ನು ಬನ್ನಂಜೆ ಗೋವಿಂದಾಚಾರ್ಯರ ‘ಆವೆಯ ಮಣ್ಣಿನ ಆಟದ ಬಂಡಿ’ಯಲ್ಲಾದರೂ ಓದಿ ನೋಡಿ. ನಡುರಾತ್ರಿ, ಚಾರುದತ್ತನ ಮನೆಯ ಗೋಡೆ. ಅವಸರದಲ್ಲಿರಬೇಕಾದ ಕಳ್ಳ ನಿಂತು ಯೋಚಿಸುತ್ತಾನೆ: ಕನ್ನವನ್ನು ತಾವರೆಯ ಆಕಾರದಲ್ಲಿ ಕೊರೆಯಲೋ, ಬಾಲಚಂದ್ರನ ಹಾಗೋ, ತುಂಬಿದ ಕೊಡದ ಹಾಗೋ? ಬೆಳಗ್ಗೆ ನೋಡಿದ ಜನ ಹೌದೆನ್ನಬೇಕಲ್ಲ! ಅಳತೆಯ ದಾರ ಮರೆತು ಬಂದಿರುವುದು ಆಗ ನೆನಪಾಗುತ್ತದೆ. ಹೆಗಲ ಮೇಲಿನ ಜನಿವಾರವನ್ನೇ ತೆಗೆದು ಅಳೆಯುತ್ತಾನೆ, ಬ್ರಾಹ್ಮಣನಿಗೆ ಅದರಿಂದಾಗುವ ಉಪಯೋಗಗಳನ್ನು ಪಟ್ಟಿ ಮಾಡುತ್ತಾನೆ. ಕಸುಬಿನ ಹೆಮ್ಮೆಯುಳ್ಳ ಕಳ್ಳನನ್ನು ಇಷ್ಟು ಪ್ರೀತಿಯಿಂದ ಚಿತ್ರಿಸಿದ ಇಂಗ್ಲಿಷ್ ಕಾದಂಬರಿ ಯಾವುದಿದೆ? ಒಂಬತ್ತನೆಯ ಅಂಕಕ್ಕೆ ಬಂದರೆ ಪೂರ್ತಿ ಕೋರ್ಟು. ಉದ್ಯಾನದಲ್ಲಿ ಯಾರದೋ ಹೆಂಗಸಿನ ಹೆಣ ಸಿಕ್ಕಿತೆಂಬ ಸಾಕ್ಷ್ಯ, ಅದು ವಸಂತಸೇನೆಯದೇ ಎಂಬ ಊಹೆ, ಚಾರುದತ್ತನ ಗೆಳೆಯನ ಬಳಿಯಿಂದ ಸರಿಯಾದ ಹೊತ್ತಿನಲ್ಲೇ ಉದುರುವ ಒಡವೆಗಳು, ಮರಣದಂಡನೆ. ನಿರಪರಾಧಿಯ ವಿರುದ್ಧ ಸಾಂದರ್ಭಿಕ ಸಾಕ್ಷ್ಯಗಳು ಒಂದೊಂದಾಗಿ ಬಂದು ಕೂರುವುದನ್ನು ಕಾಣಬೇಕಾದರೆ ಶೂದ್ರಕನನ್ನೇ ಓದಬೇಕು.

ಇನ್ನು ಗೂಢಚಾರರು. ‘ಮುದ್ರಾರಾಕ್ಷಸ’ವನ್ನು ಕೆಂಪುನಾರಾಯಣ 1823ರಲ್ಲೇ ‘ಮುದ್ರಾಮಂಜೂಷ’ವೆಂಬ ಗದ್ಯವಾಗಿ ಕನ್ನಡಕ್ಕೆ ಹಿಗ್ಗಿಸಿ ತಂದ. ಚಾಣಕ್ಯನ ಗೂಢಚಾರನೊಬ್ಬ ಯಮಪಟ ಹಿಡಿದು ಮನೆಮನೆ ಅಲೆಯುತ್ತ ಚಂದನದಾಸನ ಮನೆ ಹೊಕ್ಕಿರುತ್ತಾನೆ. ಒಳಗಿಂದ ಮಗುವೊಂದು ಹೊರಗೆ ಓಡಿಬರುತ್ತದೆ, ಹೆಂಗಸೊಬ್ಬಳು ಗಾಬರಿಯಿಂದ ಕೈಚಾಚಿ ಅದನ್ನು ಎಳೆದುಕೊಳ್ಳುತ್ತಾಳೆ, ಬೆರಳಿನ ಉಂಗುರ ಜಾರಿ ಉರುಳುತ್ತ ಇವನ ಕಾಲ ಬಳಿ ಬಂದು ನಿಲ್ಲುತ್ತದೆ. ಚಾಣಕ್ಯನ ಎದುರಾಳಿ ಮಂತ್ರಿ ರಾಕ್ಷಸನ ಮುದ್ರೆಯುಂಗುರ! ಅದರಿಂದ ಒಂದು ನಕಲಿ ಪತ್ರಕ್ಕೆ ಮುದ್ರೆ ಬೀಳುತ್ತದೆ, ಆ ಪತ್ರದಿಂದ ಒಂದು ಸೇನೆಯೇ ಒಡೆಯುತ್ತದೆ. ಯುದ್ಧವಿಲ್ಲದೆ ಗೆಲ್ಲುವ ಈ ಕತೆ ಕನ್ನಡಕ್ಕೆ ಬಂದಾಗ ಎಡ್ಗರ್ ಅಲನ್ ಪೋ ಇನ್ನೂ ಹುಡುಗ. ಅವನ ಮೊದಲ ಪತ್ತೇದಾರಿ ಕತೆ ಅಚ್ಚಾದದ್ದು 1841ರಲ್ಲಿ. ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯ ಬಗ್ಗೆ ನಾನು ಹೇಳುವುದೇ ಬೇಡ. ಕತ್ತಲಲ್ಲಿ ಹೆಂಡತಿಯನ್ನು ಹಿಂಬಾಲಿಸುವ ಗಂಡ, ಎತ್ತಿದ ಕತ್ತಿಯನ್ನು ಇಳಿಸುವ ಆ ಗಳಿಗೆ, ಆಮೇಲೆ ಗಂಡನಿಗೂ ಅತ್ತೆಗೂ ವಿಷ. ಇದನ್ನು ಪ್ರಾಧ್ಯಾಪಕರೇ ವರ್ಷವರ್ಷವೂ ತರಗತಿಯಲ್ಲಿ ಪಾಠ ಮಾಡಿದ್ದಾರೆ.

ಸುಳಿವು ಹಿಡಿದು ತರ್ಕದಿಂದ ಅಪರಾಧಿಯನ್ನು ಪತ್ತೆ ಮಾಡುವ ವೃತ್ತಿಪರ ಪತ್ತೇದಾರ ಪಶ್ಚಿಮದಿಂದ ಬಂದವನು ಎಂಬುದನ್ನು ನಾನೂ ಒಪ್ಪುತ್ತೇನೆ. ಅವನ ಜೊತೆ ಕಾದಂಬರಿ ಎಂಬ ಪ್ರಕಾರವೂ ಬಂತು, ಸಣ್ಣಕತೆಯೂ ಬಂತು, ಸಾನೆಟ್ಟೂ ಬಂತು. 1899ರ ‘ಇಂದಿರಾಬಾಯಿ’ಯನ್ನು ಮೊದಲ ಸಾಮಾಜಿಕ ಕಾದಂಬರಿಯೆಂದು ತಲೆಯ ಮೇಲೆ ಹೊತ್ತು ತಿರುಗುವಾಗ ಈ ಪಾಸ್‌ಪೋರ್ಟ್ ತಪಾಸಣೆ ಯಾರಿಗೂ ನೆನಪಾಗುವುದಿಲ್ಲ.

ಭಾಷೆ ಕಳಪೆ, ಅಚ್ಚು ಕಳಪೆ, ಬರೆದವರಿಗೆ ಓದಿಲ್ಲ ಎಂಬುದು ಇನ್ನೊಬ್ಬರ ದೂರು. ಅವರು ಎನ್. ನರಸಿಂಹಯ್ಯನವರ ಹೆಸರೆತ್ತಿ ನಕ್ಕಿದ್ದಾರೆ. ನರಸಿಂಹಯ್ಯನವರಿಗೆ ಶಾಲೆ ಸಿಕ್ಕಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ‘ಪತ್ತೇದಾರ ಪುರುಷೋತ್ತಮ’ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು, ಅಕ್ಷರ ಕೂಡಿಸಿಕೊಂಡು ಓದುತ್ತಲೇ ಓದಿನ ರುಚಿ ಹಿಡಿಸಿಕೊಂಡ ಮಿಲ್ ಕಾರ್ಮಿಕರು, ಅಡುಗೆಮನೆಯ ಅಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ. ಎಲ್ಲ ಐನೂರೂ ಚೆನ್ನಾಗಿವೆ ಎಂದು ವಾದಿಸುವ ಹುಚ್ಚು ನನಗಿಲ್ಲ. ಆದರೆ ಕಾವ್ಯವನ್ನು ಅಳೆಯುವಾಗ ಬೇಂದ್ರೆಯನ್ನು ತೆಗೆದುಕೊಳ್ಳುವವರು ಪತ್ತೇದಾರಿಯನ್ನು ಅಳೆಯುವಾಗ ಮಾತ್ರ ರದ್ದಿ ಅಂಗಡಿಗೆ ಹೋಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಪ್ರತಿವರ್ಷ ಬಿಡುಗಡೆಯಾಗುವ ಕವನಸಂಕಲನಗಳನ್ನು ಗುಡ್ಡೆಹಾಕಿ ಅದೇ ತಕ್ಕಡಿಯಲ್ಲಿ ಕನ್ನಡ ಕಾವ್ಯವನ್ನು ತೂಗಿದರೆ ಹೇಗಿರುತ್ತದೆ?

ಇನ್ನೊಂದು ಚಮತ್ಕಾರ ನೋಡಿ. ಒಳ್ಳೆಯ ಪತ್ತೇದಾರಿ ಕಾದಂಬರಿ ಬಂದ ತಕ್ಷಣ ಅದನ್ನು ಪತ್ತೇದಾರಿ ಎಂದು ಕರೆಯುವುದನ್ನೇ ನಾವು ನಿಲ್ಲಿಸುತ್ತೇವೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರ ಇಲಾಖೆಯ ಶ್ಯಾಮನಂದನ ಅಂಗಡಿ ಕೆಸರೂರಿಗೆ ಬರುತ್ತಾನೆ. ಏಲಕ್ಕಿ ಬೆಳೆ ಏಕೆ ಕುಸಿಯಿತು, ಸಂಶೋಧಕ ಜೋಗಿಹಾಳ ಹೇಗೆ ಸತ್ತ ಎಂದು ತನಿಖೆ ಶುರುವಾಗುತ್ತದೆ. ಸಾವು, ಅನುಮಾನ, ತನಿಖೆ, ಹುಸಿ ಜಾಡು ಎಲ್ಲ ಇದ್ದೂ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೂಡಲೇ ಅದು ‘ಗಂಭೀರ ಕಾದಂಬರಿ’ಯಾಯಿತು. ‘ಜುಗಾರಿ ಕ್ರಾಸ್’ ಅಂತೂ ಏಲಕ್ಕಿ ಮಾರಲು ಹೊರಟ ಸುರೇಶ ಗೌರಿಯರನ್ನು ಒಂದೇ ದಿನದೊಳಗೆ ಕಾಳದಂಧೆಯ ಸುಳಿಗೆ ಸಿಕ್ಕಿಸುವ ಅಪ್ಪಟ ಥ್ರಿಲ್ಲರ್. ಹಾಗೆಂದರೆ ಕೆಲವು ಅಭಿಮಾನಿಗಳಿಗೆ ಈಗಲೂ ಸಿಟ್ಟು ಬರುತ್ತದೆ. ‘ಬಂಗಾರದ ಮನುಷ್ಯ’ ಚಿತ್ರದ ಕತೆಗಾರ ಟಿ.ಕೆ. ರಾಮರಾವ್ ಪತ್ತೇದಾರಿ ಬರೆದವರೆಂಬುದನ್ನೂ ಹೀಗೇ ಮರೆತಿದ್ದೇವೆ.

ಅಪರಾಧ ಕಾದಂಬರಿ ಓದಿ ಜನ ಅಪರಾಧ ಕಲಿಯುತ್ತಾರೆ ಎಂಬ ಮಾತಿಗೆ ಹೆಚ್ಚು ಹೊತ್ತು ಕಳೆಯಲಾರೆ. ಕಲಿಯುವವರಿಗೆ ದಿನಪತ್ರಿಕೆಯ ಮೂರನೇ ಪುಟ ಸಾಕು.

ಇದೇ ಜಾಡಿನಲ್ಲಿ ಬಂದ ಇನ್ನೊಂದು ಪತ್ರಕ್ಕೆ ಮಾತ್ರ ನಾನು ತಲೆಬಾಗಬೇಕು. ಬರೆದಾಕೆ ತಮ್ಮನ್ನು ಥ್ರಿಲ್ಲರ್‌ಗಳ ಹಳೆಯ ಓದುಗರು ಎಂದೇ ಪರಿಚಯಿಸಿಕೊಂಡಿದ್ದಾರೆ. ಮೊದಲ ಪುಟದಲ್ಲೇ ಹೆಣ್ಣಿನ ಹೆಣ ಏಕೆ ಬೇಕು, ಆ ಹೆಣದ ಸೀರೆ ಎಲ್ಲಿ ಜಾರಿತ್ತೆಂಬ ವಿವರ ಯಾರಿಗಾಗಿ, ಅವಳ ಹೆಸರು ಪುಸ್ತಕದ ಕೊನೆಗೆ ಯಾರಿಗಾದರೂ ನೆನಪಿರುತ್ತದೆಯೇ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಳೆಯ ಪಾಕೆಟ್ ಕಾದಂಬರಿಗಳ ಮುಖಪುಟಗಳೇ ಸಾಕು, ಸಮರ್ಥನೆಗೆ ಬಾಯಿ ಬರುವುದಿಲ್ಲ. ಸತ್ತವಳನ್ನು ಬರೀ ಸುಳಿವಾಗಿ ಬಳಸಿಕೊಳ್ಳುವ ಕಾದಂಬರಿ ಓದುಗನಿಗೆ ಕೊಡಬೇಕಾದ ಲೆಕ್ಕದಲ್ಲಿ ದೊಡ್ಡದೊಂದು ಬಾಕಿ ಉಳಿಸಿಕೊಂಡಿರುತ್ತದೆ. ನಾನೇ ಎಷ್ಟೋ ಪುಸ್ತಕಗಳನ್ನು ಈ ಕಾರಣಕ್ಕೆ ನಡುವೆ ಬಿಟ್ಟಿದ್ದೇನೆ.

ಆದರೂ ಆಕೆಗೆ ಒಂದು ಮಾತು ಹೇಳಬೇಕು. ಈ ರೋಗಕ್ಕೆ ಮದ್ದು ಇದೇ ಪ್ರಕಾರದೊಳಗೇ ಹುಟ್ಟಿದೆ. ಪಿ.ಡಿ. ಜೇಮ್ಸ್ 1972ರಲ್ಲಿ ಕಾರ್ಡೀಲಿಯಾ ಗ್ರೇ ಎಂಬ ಹುಡುಗಿಯ ಕೈಗೆ ಪತ್ತೇದಾರಿ ಕಚೇರಿಯನ್ನು ಕೊಟ್ಟು, ಇದು ಹೆಣ್ಣಿಗೆ ಹೇಳಿದ ಕೆಲಸವಲ್ಲ ಎಂಬ ಜನರ ಮಾತನ್ನೇ ಪುಸ್ತಕದ ಹೆಸರಾಗಿಸಿದಳು. ನಮ್ಮಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೋಡಿ. ಅದರಲ್ಲಿ ಪತ್ತೇದಾರನಿಲ್ಲ, ಪೊಲೀಸ್ ಬರುವುದಿಲ್ಲ. ಕಾಫಿ ಹೌಸಿನಲ್ಲಿ ಕೂತವನೊಬ್ಬ ತನ್ನ ಮನೆಯ ಕತೆ ಹೇಳುತ್ತಾನೆ: ಸೋನಾ ಮಸಾಲಾ ವ್ಯಾಪಾರದಿಂದ ಕೈಗೆ ದುಡ್ಡು ಬಂದದ್ದು, ಇಡೀ ಮನೆ ಚಿಕ್ಕಪ್ಪನ ಸುತ್ತ ಸುತ್ತುವುದು, ಒಂದು ಬೆಳಗ್ಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಮಸೂರ್ ದಾಲ್ ಡಬ್ಬಿ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಓಡಿಸುವುದು. ಆ ಡಬ್ಬಿ ಕೆಳಗೆ ಬೀಳುವಾಗ ನನಗೆ ಯಾವ ಕೊಲೆಯ ದೃಶ್ಯದಲ್ಲೂ ಆಗದಷ್ಟು ಹೆದರಿಕೆಯಾಯಿತು. ಕೊನೆಯ ಪುಟ ಮುಗಿಸಿದವರು ಹೆಂಡತಿ ಅನಿತಾ ಎಲ್ಲಿದ್ದಾಳೆ ಎಂದು ಕೇಳಿಕೊಳ್ಳದೆ ಇರಲಾರರು. ಕಾಣೆಯಾದ ಹೆಣ್ಣಿನ ಬಗ್ಗೆ ಹೀಗೆ ಪ್ರಶ್ನೆ ಎಬ್ಬಿಸಲು ಶಾನಭಾಗರಿಗೆ ಬೇಕಾದದ್ದು ಥ್ರಿಲ್ಲರಿನ ವಿದ್ಯೆಯೇ.

ವೈಜ್ಞಾನಿಕ ಕಥೆ, ಕಲ್ಪಿತ ಲೋಕದ ಕಥೆಗಳ ಮೇಲಿನ ಆರೋಪ ಒಂದೇ ಶಬ್ದದ್ದು: ಪಲಾಯನ. ನಮ್ಮೂರಲ್ಲಿ ಕುಡಿಯುವ ನೀರಿಲ್ಲದಾಗ ಮಂಗಳಗ್ರಹ ಏಕೆ ಎಂದು ಒಬ್ಬರು ಕೇಳಿದ್ದಾರೆ. ನಾನು ಅವರಿಗೆ 1905ರ ಒಂದು ಕತೆಯನ್ನು ತೋರಿಸುತ್ತೇನೆ. ಬಂಗಾಳದ ರುಕಿಯಾ ಸಖಾವತ್ ಹುಸೇನ್ ಪರದೆಯೊಳಗೆ ಬೆಳೆದಾಕೆ. ‘ಸುಲ್ತಾನಾಸ್ ಡ್ರೀಮ್’ ಎಂಬ ಆಕೆಯ ಇಂಗ್ಲಿಷ್ ಕತೆ ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಗಂಡಸರು ಒಳಮನೆ ಸೇರಿದ್ದಾರೆ, ಹೆಂಗಸರು ಬಿಸಿಲಿನ ಶಾಖದಿಂದ ಅಡುಗೆ ಮಾಡುತ್ತಾರೆ, ಗಾಳಿಯಲ್ಲಿ ವಾಹನ ಓಡಿಸುತ್ತಾರೆ, ರಾಜ್ಯ ನಡೆಸುತ್ತಾರೆ. ಗಂಡಸರನ್ನೇಕೆ ಕೂಡಿಹಾಕಿದಿರಿ ಎಂದರೆ, ಅಪಾಯಕಾರಿಗಳನ್ನು ತಾನೇ ಒಳಗಿಡಬೇಕಾದದ್ದು ಎಂಬ ಧಾಟಿಯ ಉತ್ತರ. ಇದ್ದದ್ದನ್ನು ಇದ್ದಹಾಗೆ ಬರೆದಿದ್ದರೆ ಇನ್ನೊಂದು ಕಣ್ಣೀರ ಕತೆಯಾಗುತ್ತಿತ್ತು. ತಿರುಗಿಸಿಟ್ಟದ್ದರಿಂದ ಪರದೆಯ ಅಸಂಬದ್ಧತೆ ಮುಖಕ್ಕೆ ರಾಚಿತು. ಓಡಿಹೋಗುವವರು ಇಷ್ಟು ಗುರಿಯಿಟ್ಟು ಹೊಡೆಯುವುದಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ‘ಮನ್ವಂತರ’ದಂಥ ಕೃತಿಗಳಲ್ಲಿ ಈ ದಾರಿಯನ್ನು ಒಂಟಿಯಾಗಿಯೇ ಸವೆಸಿದರು, ವಿಮರ್ಶಕರು ಅತ್ತ ತಲೆಹಾಕಿದ್ದು ಕಡಿಮೆ. ತೇಜಸ್ವಿಯವರ ‘ಕರ್ವಾಲೋ’ವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಒಂದು ಹಾರುವ ಓತಿಯ ಬೆನ್ನು ಹತ್ತಿ ವಿಜ್ಞಾನಿ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲರೂ ಕಾಡು ನುಗ್ಗುವ ಆ ಕತೆಯಲ್ಲಿ ಅಪರಾಧವೇ ಇಲ್ಲ, ಆದರೂ ಪೂರ್ತಿ ಪತ್ತೇದಾರಿಕೆ. ತಪ್ಪಿಸಿಕೊಳ್ಳುವ ಆಸಾಮಿಗೆ ಮಾತ್ರ ಕೋಟ್ಯಂತರ ವರ್ಷದ ಇತಿಹಾಸ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಗಂಭೀರ ಆರೋಪ ಬಂದಿದೆ: ಕೆ.ಎನ್. ಗಣೇಶಯ್ಯನವರಂಥವರ ಐತಿಹಾಸಿಕ ಥ್ರಿಲ್ಲರ್‌ಗಳು ಕಲ್ಪನೆಯನ್ನು ಇತಿಹಾಸವೆಂದು ನಂಬಿಸುತ್ತವೆ ಎಂದು. ‘ಕನಕ ಮುಸುಕು’ ಓದಿದ ಮೇಲೆ ನಾನು ಸೋಮನಾಥಪುರಕ್ಕೆ ಹೋದದ್ದು ನಿಜ. 13ನೆಯ ಶತಮಾನದ ಆ ದೇವಾಲಯದ ಹೊರಗೋಡೆಯಲ್ಲಿ ಕೆಲವು ವಿಗ್ರಹಗಳ ಕೈಯಲ್ಲಿ ನೀಳವಾದ ವಸ್ತುವೊಂದಿದೆ, ಮೈತುಂಬ ಸಾಲುಗಟ್ಟಿದ ಕಾಳು, ತುದಿ ಚೂಪು. ಕತ್ತು ನೋಯುವ ತನಕ ನೋಡಿದೆ. ಮೆಕ್ಕೆಜೋಳದ ತೆನೆಯೆಂದರೆ ತೆನೆಯೇ. ಆದರೆ ಮೆಕ್ಕೆಜೋಳ ಅಮೆರಿಕದ ಬೆಳೆ, ಕೊಲಂಬಸ್ ಅತ್ತ ಹೋದದ್ದು 1492ರಲ್ಲಿ. ಕಾರ್ಲ್ ಜೊಹಾನೆಸೆನ್ ಎಂಬ ಅಮೆರಿಕದ ಭೂಗೋಳಶಾಸ್ತ್ರಜ್ಞ ಇದು ಮೆಕ್ಕೆಜೋಳವೇ ಎಂದು ವಾದಿಸಿದ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಫಲವೆಂದು ಬೇರೆ ವಿದ್ವಾಂಸರು ತಳ್ಳಿಹಾಕಿದರು. ನನಗೆ ಎರಡನೆಯವರ ವಾದವೇ ಹೆಚ್ಚು ಸರಿಯೆನಿಸುತ್ತದೆ, ಶಿಲ್ಪಿಗಳು ಮುತ್ತು ಕೆತ್ತುವುದರಲ್ಲಿ ಜಿಪುಣರಲ್ಲ. ಗಣೇಶಯ್ಯ ಕೃಷಿವಿಜ್ಞಾನಿ. ತಮ್ಮ ಕಾದಂಬರಿಗಳಲ್ಲಿ ಆಕರಗಳನ್ನು ಕೊಡುವ ರೂಢಿ ಅವರದು. ಪರೀಕ್ಷಿಸುವ ದಾರಿಯನ್ನು ಓದುಗನ ಕೈಗೇ ಕೊಟ್ಟಿದ್ದಾರೆ. ಆ ಪುಟ ತಿರುವದೆ ವಾಟ್ಸ್ಯಾಪಿಗೆ ಹಾಕುವವನ ತಪ್ಪಿಗೆ ಕಾದಂಬರಿಕಾರನನ್ನು ಹೊಣೆ ಮಾಡುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಅಂದಹಾಗೆ, ನಾನು ಆ ಗೋಡೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಹೋದಾಗಲೆಲ್ಲ ಫೋಟೋ ತೆಗೆಸಿಕೊಂಡು ಬಂದಿದ್ದೆ.

ನನ್ನ ಇಡೀ ವಾದ ನಿಂತಿರುವುದೂ ಇಲ್ಲೇ. ಈ ಪ್ರಕಾರಗಳಲ್ಲಿ ಬರಹಗಾರ ಓದುಗನಿಗೆ ಲೆಕ್ಕ ಒಪ್ಪಿಸಲೇಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕತೆಗಳಿಗೆ ಹತ್ತು ನಿಯಮ ಬರೆದಿಟ್ಟ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಅದೃಷ್ಟ ಬಂದು ಗಂಟು ಬಿಡಿಸಬಾರದು, ದೆವ್ವ ಭೂತ ಕೂಡದು. ನಿಯಮಗಳಲ್ಲಿ ಕೆಲವು ತಮಾಷೆಗೆ ಬರೆದವು, ಮುರಿದು ಗೆದ್ದವರೂ ಉಂಟು. ಆದರೆ ನಾನು ಕೊಟ್ಟ ಗಮನಕ್ಕೆ ನೀನು ಮೋಸ ಮಾಡಬಾರದು ಎಂದು ಓದುಗ ಹಕ್ಕಿನಿಂದ ಕೇಳುವ ಸಾಹಿತ್ಯ ಬೇರೆ ಯಾವುದಿದೆ? ಗಂಭೀರ ಕಾದಂಬರಿಯಲ್ಲಿ ನೂರನೇ ಪುಟದ ಪಾತ್ರ ಇನ್ನೂರನೇ ಪುಟಕ್ಕೆ ಕಾರಣವಿಲ್ಲದೆ ಕಾಣೆಯಾದರೆ ವಿಮರ್ಶಕರು ಅದನ್ನು ಧ್ವನಿ ಎನ್ನುತ್ತಾರೆ. ಪತ್ತೇದಾರಿಯಲ್ಲಿ ಹಾಗಾದರೆ ಲೈಬ್ರರಿಯ ಹುಡುಗ ಕೂಡ ಪುಸ್ತಕ ಬಿಸಾಕುತ್ತಾನೆ.

ವಯಸ್ಸಾದ ಮೇಲೆ ಭಗವದ್ಗೀತೆ ಓದುವುದು ಬಿಟ್ಟು ಇದೇನು ಎಂದವರಿಗೆ: ಗೀತೆಯನ್ನೂ ಓದುತ್ತೇನೆ, ಅದು ಬೆಳಗಿನ ಹೊತ್ತು.

ಕೊನೆಯದು ಒಬ್ಬ ತಾಯಿಯ ಪತ್ರ. ಪಿಯುಸಿ ಓದುವ ಮಗ ಪಠ್ಯಪುಸ್ತಕದೊಳಗೆ ಥ್ರಿಲ್ಲರ್ ಇಟ್ಟುಕೊಂಡು ಓದುತ್ತಾನೆ, ಎಲ್ಲ ನಿಮ್ಮಂಥವರ ಕುಮ್ಮಕ್ಕು ಎಂದಿದ್ದಾರೆ. ಅಮ್ಮಾ, ಪುಸ್ತಕ ಕಿತ್ತುಕೊಳ್ಳಬೇಡಿ, ಬದಲಾಯಿಸಿ. ‘ಜುಗಾರಿ ಕ್ರಾಸ್’ ಕೊಡಿ, ಅದಾದ ಮೇಲೆ ‘ಚಿದಂಬರ ರಹಸ್ಯ’. ಇಂಗ್ಲಿಷ್ ಓದುವವನಾದರೆ ಕ್ರಿಸ್ಟಿ. ಹಿಗಾಶಿನೊ ಮಾತ್ರ ಪರೀಕ್ಷೆ ಮುಗಿಯುವ ತನಕ ಬೇಡ. ಅದರಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಓದಿದ ಮೇಲೆ ನಿಮ್ಮ ಹುಡುಗ ತನ್ನ ಕಾಲೇಜಿನ ಗಣಿತದ ಮೇಷ್ಟ್ರನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರೆ ಅದಕ್ಕೂ ನನಗೇ ಪತ್ರ ಬರೆಯುತ್ತೀರಿ.